ರೈಡರ್ (ಕಬಡ್ಡಿ): ಬಸವಕಲ್ಯಾಣ, ಹುಮನಾಬಾದ್

ಎದುರಾಳಿಗಳ ಅಂಕಣಕ್ಕೆ ಒಬ್ಬನೇ ನುಗ್ಗಿ, ಮುಟ್ಟಿ ಮರಳುವ ಆಟಗಾರ. ಇವನ ಬಂಡವಾಳ ವೇಗ ಮತ್ತು ಕಣ್ಕಟ್ಟು.

ಬೀದರ್ ಜಿಲ್ಲೆಯ ಈ ಎರಡು ತಾಲ್ಲೂಕುಗಳಲ್ಲಿ ಪ್ರತಿಭೆ ಮೊದಲು ಕಣ್ಣಿಗೆ ಬೀಳುವುದು ಶಾಲಾ ಕ್ರೀಡಾಕೂಟದಲ್ಲಿ. ಅಲ್ಲಿಂದ ಮೆಟ್ಟಿಲು ತಾಲ್ಲೂಕು, ಜಿಲ್ಲೆ, ಕಲಬುರಗಿ ವಿಭಾಗ, ರಾಜ್ಯ. ಪದವಿ ಹಂತದಲ್ಲಿ ಅಂತರಕಾಲೇಜು ಪಂದ್ಯಗಳಲ್ಲಿ ಮಿಂಚಿದವರು ವಿಶ್ವವಿದ್ಯಾಲಯದ ತಂಡ ಸೇರುತ್ತಾರೆ. ಮೈಕಟ್ಟು ನೋಡಿ ಆರಿಸುವ ರೂಢಿಯುಂಟು. ಆದರೆ ನೋಡಬೇಕಾದದ್ದು ಪಾದ.

ಒಂದು ರೈಡಿಗೆ 30 ಸೆಕೆಂಡ್. ಅಷ್ಟೂ ಹೊತ್ತು ‘ಕಬಡ್ಡಿ ಕಬಡ್ಡಿ’ ನಿಲ್ಲಕೂಡದು. ಆದ್ದರಿಂದ ತರಬೇತಿಯ ಬುನಾದಿಯೇ ಉಸಿರು. ಆಮೇಲೆ ಕೈಮುಟ್ಟು, ಕಾಲ್ಮುಟ್ಟು, ಹಿಂದೊದೆತ, ಸರಪಳಿ ಹಿಡಿತದಡಿ ನುಸುಳುವ ‘ಡುಬ್ಕಿ’. ಬೋನಸ್ ಗೆರೆಯಾಚೆ ಒಂದು ಕಾಲೂರಿ ಇನ್ನೊಂದನ್ನು ಗಾಳಿಯಲ್ಲಿಡುವ ಕ್ಷಣದಲ್ಲಿ ದೇಹದ ಭಾರವೆಲ್ಲ ಒಂದೇ ಕಾಲಿನ ಮೇಲಿರುತ್ತದೆ. ಎದುರಾಳಿ ತಂಡದ ಮೂಲೆಯ ರಕ್ಷಕ ಹೊಂಚುಹಾಕುವುದೂ ಆ ಕಾಲಿಗೇ.

ಮಣ್ಣಿನಲ್ಲಿ ಕಲಿತವನಿಗೆ ಮ್ಯಾಟ್ ಹೊಸದು: ಶೂ ಬೇಕು, ತಿರುವೂ ಚುರುಕಾಗಬೇಕು. 2014ರಲ್ಲಿ ಶುರುವಾದ ಪ್ರೊ ಕಬಡ್ಡಿ ಲೀಗ್ ನಡೆಯುವುದು ಮ್ಯಾಟ್ ಮೇಲೆಯೇ.