ಹೆರಿಗೆಯ ಭಯ: ಗರ್ಭಿಣಿಯರಿಗೂ ಕುಟುಂಬದವರಿಗೂ ಮಾಹಿತಿ

ಹೆರಿಗೆಯ ದಿನ ಸಮೀಪಿಸಿದಂತೆ ಗರ್ಭಿಣಿಯರಲ್ಲಿ ಆತಂಕ ಮೂಡುವುದು ಸಹಜ. ಆದರೆ ಕೆಲವರಲ್ಲಿ ಈ ಆತಂಕವು ನಿದ್ರೆ ಕೆಡಿಸುವಷ್ಟು, ತಪಾಸಣೆಗೆ ಬರುವುದನ್ನೇ ತಪ್ಪಿಸುವಷ್ಟು ತೀವ್ರವಾಗಿರುತ್ತದೆ. ಇದನ್ನು ವೈದ್ಯಕೀಯದಲ್ಲಿ ಟೋಕೋಫೋಬಿಯಾ ಎಂದು ಕರೆಯಲಾಗುತ್ತದೆ. ಚೊಚ್ಚಲ ಗರ್ಭಿಣಿಯರಲ್ಲಿ ಮಾತ್ರವಲ್ಲದೆ, ಹಿಂದಿನ ಹೆರಿಗೆಯಲ್ಲಿ ಕಷ್ಟ ಅನುಭವಿಸಿದವರಲ್ಲಿಯೂ ಇದು ಕಂಡುಬರುತ್ತದೆ. ಇದು ಹೇಡಿತನವಲ್ಲ; ನೆರವು ಪಡೆಯಬೇಕಾದ ಆರೋಗ್ಯದ ವಿಷಯ.

ಭಯಕ್ಕೆ ಕಾರಣಗಳು

ನೋವು ತಡೆಯಲಾಗದೆಂಬ ಅಂಜಿಕೆ, ತನ್ನ ಅಥವಾ ಮಗುವಿನ ಜೀವಕ್ಕೆ ಅಪಾಯವಾದೀತೆಂಬ ಚಿಂತೆ, ಅಪರಿಚಿತರ ನಡುವೆ ಒಂಟಿಯಾಗುವ ಭೀತಿ ಇವು ಮುಖ್ಯವಾದವು. ಹೆರಿಗೆಯೆಂದರೆ ಹೆಣ್ಣಿಗೆ ಮರುಜನ್ಮ ಎಂಬ ಮಾತನ್ನು ಸೀಮಂತಕ್ಕೆ ಬಂದವರೆಲ್ಲ ಗರ್ಭಿಣಿಯ ಎದುರಿಗೇ ಆಡುತ್ತಾರೆ. ಯಾರಿಗೋ ಆದ ಕಷ್ಟದ ವರ್ಣನೆಯೂ ಅದರೊಡನೆ ಬರುತ್ತದೆ. ಹಿರಿಯರು ಈ ವಿಷಯದಲ್ಲಿ ಸಂಯಮ ವಹಿಸುವುದು ಒಳಿತು.

ಆಸ್ಪತ್ರೆಯ ಸಿಬ್ಬಂದಿ ಗದರಿಸುವರೆಂಬ ಅಂಜಿಕೆಯೂ ಇದೆ. ಇದು ಪೂರ್ಣ ನಿರಾಧಾರವೆಂದು ಹೇಳುವುದು ಸರಿಯಾಗದು. ಹೆರಿಗೆ ಕೊಠಡಿಗಳಲ್ಲಿ ಗೌರವಯುತ ಆರೈಕೆಯನ್ನು ಖಾತರಿಪಡಿಸುವ ಉದ್ದೇಶದಿಂದಲೇ ಕೇಂದ್ರ ಸರ್ಕಾರವು 2017ರಲ್ಲಿ ‘ಲಕ್ಷ್ಯ’ ಕಾರ್ಯಕ್ರಮವನ್ನು ಜಾರಿಗೊಳಿಸಿತು. ಸಿಬ್ಬಂದಿಯ ವರ್ತನೆ ಸರಿಯಿಲ್ಲದಿದ್ದಲ್ಲಿ ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ ಅಥವಾ ತಾಲ್ಲೂಕು ಆರೋಗ್ಯಾಧಿಕಾರಿಗೆ ಲಿಖಿತ ದೂರು ಸಲ್ಲಿಸಬಹುದು.

ಜೀವಭಯದ ಬಗ್ಗೆ ಒಂದು ಅಂಕಿ ಅಂಶ ಗಮನಾರ್ಹ. ಮಾದರಿ ನೋಂದಣಿ ವ್ಯವಸ್ಥೆಯ ಪ್ರಕಾರ ಕರ್ನಾಟಕದಲ್ಲಿ 2001-03ರ ಅವಧಿಯಲ್ಲಿ ಪ್ರತಿ ಒಂದು ಲಕ್ಷ ಸಜೀವ ಜನನಗಳಿಗೆ 228ರಷ್ಟಿದ್ದ ತಾಯಿ ಮರಣ ಪ್ರಮಾಣವು 2018-20ರ ಅವಧಿಗೆ 69ಕ್ಕೆ ಇಳಿದಿದೆ. ಅಜ್ಜಿಯ ಕಾಲದ ಹೆರಿಗೆಗೂ ಇಂದಿನ ಹೆರಿಗೆಗೂ ಬಹಳ ಅಂತರವಿದೆ.

ನೋವಿನ ಸ್ವರೂಪ

ಹೆರಿಗೆ ನೋವು ಎಡೆಬಿಡದೆ ಬರುವುದಿಲ್ಲ. ಅದು ಅಲೆಯಂತೆ ಏರಿ, ಸುಮಾರು ಒಂದು ನಿಮಿಷದೊಳಗೆ ಇಳಿಯುತ್ತದೆ. ನಡುವೆ ಬಿಡುವು ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸುಗಳ ಪ್ರಕಾರ, ಗರ್ಭಕಂಠವು 5 ಸೆಂ.ಮೀ. ತೆರೆದ ನಂತರದ ಸಕ್ರಿಯ ಹಂತವು ಚೊಚ್ಚಲ ಹೆರಿಗೆಯಲ್ಲಿ ಸಾಮಾನ್ಯವಾಗಿ 12 ಗಂಟೆಗಳನ್ನು, ನಂತರದ ಹೆರಿಗೆಗಳಲ್ಲಿ 10 ಗಂಟೆಗಳನ್ನು ಮೀರುವುದಿಲ್ಲ. ಅದಕ್ಕೂ ಮುಂಚಿನ ಹಂತದ ಅವಧಿ ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಆದುದರಿಂದ ನೆರೆಮನೆಯವರಿಗೆ ಬೇಗ ಆಯಿತು, ನನಗೇಕೆ ಇಲ್ಲ ಎಂದು ಗಾಬರಿಯಾಗುವ ಅಗತ್ಯವಿಲ್ಲ. ನಡೆದಾಡುವುದು, ದೀರ್ಘವಾಗಿ ಉಸಿರಾಡುವುದು, ಸೊಂಟವನ್ನು ನೀವಿಸಿಕೊಳ್ಳುವುದು ನೋವನ್ನು ತಾಳಲು ನೆರವಾಗುತ್ತವೆ.

ಭಯದ ಕಾರಣಕ್ಕಾಗಿ ಮಾತ್ರ ಸಿಸೇರಿಯನ್ ಕೋರುವ ಮುನ್ನ ವೈದ್ಯರೊಡನೆ ಚರ್ಚಿಸುವುದು ಅವಶ್ಯ. ಅಗತ್ಯವಿದ್ದಾಗ ಈ ಶಸ್ತ್ರಚಿಕಿತ್ಸೆಯು ಜೀವ ಉಳಿಸುತ್ತದೆ. ಅಗತ್ಯವಿಲ್ಲದೆ ಮಾಡಿಸಿಕೊಂಡಲ್ಲಿ ಚೇತರಿಕೆ ನಿಧಾನವಾಗುವುದಲ್ಲದೆ, ಮುಂದಿನ ಗರ್ಭದಲ್ಲಿ ಮಾಸು ತಪ್ಪಾದ ಸ್ಥಳದಲ್ಲಿ ಅಂಟಿಕೊಳ್ಳುವ ಸಂಭವ ಹೆಚ್ಚುತ್ತದೆ. ನೋವಿನಿಂದ ತಪ್ಪಿಸಿಕೊಳ್ಳುವ ದಾರಿ ಇದೆಂಬುದು ಅರ್ಧ ಲೆಕ್ಕ ಮಾತ್ರ.

ಜೊತೆಗಾತಿಯ ಸೌಲಭ್ಯ

ಭಯಕ್ಕೆ ಅತ್ಯುತ್ತಮ ಮದ್ದು ಜೊತೆಗಿರುವ ಒಂದು ಪರಿಚಿತ ಮುಖ. ಸಾರ್ವಜನಿಕ ಆಸ್ಪತ್ರೆಗಳಲ್ಲಿ ಹೆರಿಗೆ ಸಮಯದಲ್ಲಿ ಜೊತೆಗಾತಿಯೊಬ್ಬರಿಗೆ ಅವಕಾಶ ನೀಡುವಂತೆ ಕೇಂದ್ರ ಆರೋಗ್ಯ ಸಚಿವಾಲಯವು 2016ರಲ್ಲಿ ಸೂಚಿಸಿದೆ. ಜೊತೆಗಾತಿಯು ಸಂಬಂಧಿಕ ಮಹಿಳೆಯಾಗಿರಬೇಕು. ಸ್ವತಃ ಹೆರಿಗೆಯ ಅನುಭವವುಳ್ಳವರಾದರೆ ಉತ್ತಮ. ಸಾಂಕ್ರಾಮಿಕ ರೋಗವಿರಬಾರದು, ಶುಚಿಯಾದ ಉಡುಪು ಧರಿಸಿರಬೇಕು, ಚಿಕಿತ್ಸೆಯಲ್ಲಿ ಮಧ್ಯಪ್ರವೇಶಿಸಬಾರದು. ಖಾಸಗಿತನದ ವ್ಯವಸ್ಥೆಯಿರುವ ಕೊಠಡಿಗಳಲ್ಲಿ ಪತಿಗೂ ಅವಕಾಶ ನೀಡಬಹುದು. ಈ ಸೌಲಭ್ಯದ ಬಗ್ಗೆ ಅನೇಕರಿಗೆ ತಿಳಿದೇ ಇಲ್ಲ. ನೋವು ಆರಂಭವಾದ ಮೇಲೆ ಕೇಳುವ ಬದಲು ತಪಾಸಣೆಗೆ ಬಂದಾಗಲೇ ವಿಚಾರಿಸಿಟ್ಟುಕೊಳ್ಳತಕ್ಕದ್ದು.

ಖರ್ಚಿನ ಚಿಂತೆ

ಹಲವು ಮನೆಗಳಲ್ಲಿ ಭಯದ ಅರ್ಧ ಭಾಗ ಹಣದ್ದು. 2011ರಲ್ಲಿ ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಅಡಿಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಸೇರಿದಂತೆ ಹೆರಿಗೆ, ಔಷಧಿ, ಪರೀಕ್ಷೆಗಳು ಹಾಗೂ ಅಗತ್ಯವಿದ್ದಲ್ಲಿ ರಕ್ತ ಉಚಿತ. ಸಾಮಾನ್ಯ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನಗಳವರೆಗೆ ಉಚಿತ ಆಹಾರ, ಆಸ್ಪತ್ರೆಗೆ ಬರಲು ಮತ್ತು ಮನೆಗೆ ಹಿಂತಿರುಗಲು ಉಚಿತ ವಾಹನ ಇರುತ್ತದೆ. ಇದಕ್ಕೆ ಬಡತನ ರೇಖೆಯ ನಿರ್ಬಂಧವಿಲ್ಲ. ಯಾರಿಗೂ ಯಾವ ಹಂತದಲ್ಲಿಯೂ ಹಣ ನೀಡತಕ್ಕದ್ದಲ್ಲ.

ನೆರವು ಪಡೆಯುವ ಬಗೆ

ಗರ್ಭ ಧರಿಸಿರುವುದು ತಿಳಿದ ಕೂಡಲೇ ಆರೋಗ್ಯ ಸಹಾಯಕಿ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಬೇಕು. ಹೆರಿಗೆಗೆ ತವರಿಗೆ ಹೋಗುವವರು ಈ ಕಾರ್ಡನ್ನು ಮರೆಯದೆ ಒಯ್ದು, ಅಲ್ಲಿನ ಆಶಾ ಕಾರ್ಯಕರ್ತೆಗೂ ತೋರಿಸಬೇಕು. ಇಲ್ಲವಾದಲ್ಲಿ ಹಿಂದಿನ ತಪಾಸಣೆಯ ವಿವರಗಳು ವೈದ್ಯರಿಗೆ ಸಿಗುವುದಿಲ್ಲ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಅಡಿಯಲ್ಲಿ ಪ್ರತಿ ತಿಂಗಳ 9ರಂದು ವೈದ್ಯರಿಂದ ವಿಶೇಷ ತಪಾಸಣೆ ನಡೆಯುತ್ತದೆ. ಮನಸ್ಸಿನ ಅಂಜಿಕೆಯನ್ನು ಹೇಳಿಕೊಳ್ಳಲೂ ಅದು ಸೂಕ್ತ ಸಂದರ್ಭ. ವೈದ್ಯರು ಕೇಳದಿದ್ದರೂ ತಾವೇ ತಿಳಿಸಬೇಕು. ಸಾಧ್ಯವಾದಲ್ಲಿ ಅಂದೇ ಹೆರಿಗೆ ಕೊಠಡಿಯನ್ನು ತೋರಿಸುವಂತೆ ಕೋರಬಹುದು. ನೋಡಿದ ಸ್ಥಳದ ಭಯ ಕಡಿಮೆ.

ನಿದ್ರಾಹೀನತೆ, ಪದೇಪದೇ ಕೆಟ್ಟ ಕನಸು, ಊಟ ಸೇರದಿರುವುದು, ಬದುಕೇ ಬೇಡವೆಂಬ ಭಾವನೆ ಕಂಡುಬಂದಲ್ಲಿ ತಡಮಾಡದೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗವನ್ನು ಸಂಪರ್ಕಿಸಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಆಪ್ತ ಸಮಾಲೋಚನೆ ಪಡೆಯಬಹುದು.

ರಕ್ತಸ್ರಾವ, ನೀರು ಒಡೆಯುವುದು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮಗುವಿನ ಚಲನೆ ಕಡಿಮೆಯಾಗುವುದು, ಫಿಟ್ಸ್ ಇವುಗಳನ್ನು ಭಯವೆಂದು ತಳ್ಳಿಹಾಕದೆ ತಕ್ಷಣ 108ಕ್ಕೆ ಕರೆ ಮಾಡತಕ್ಕದ್ದು.