ಟೆಸ್ ಮತ್ತು ನಮ್ಮ ಘಟಪ್ರಭೆ

ಥಾಮಸ್ ಹಾರ್ಡಿಯ ‘ಟೆಸ್ ಆಫ್ ದಿ ಡರ್ಬರ್‌ವಿಲ್ಸ್’ 1891ರ ಕಾದಂಬರಿ. ದುಡಿಯುವ ಒಂದೇ ಕುದುರೆ ಸತ್ತು ಮನೆಯ ಹೊಟ್ಟೆಪಾಡು ನಿಂತಾಗ, ತಾಯಿ ಹಿರಿಮಗಳು ಟೆಸ್‌ಳನ್ನು ಸಿರಿವಂತರ ಮನೆಗೆ ಕಳುಹಿಸುತ್ತಾಳೆ. ಅಲ್ಲಿ ಅವಳ ಬಾಳು ಕೆಡುತ್ತದೆ. ಕೆಡಿಸಿದವನನ್ನು ಕೊನೆಗೆ ಕೊಂದು ಅವಳು ಗಲ್ಲಿಗೇರುತ್ತಾಳೆ. ಹಾರ್ಡಿ ಅವಳನ್ನು ಉಪಶೀರ್ಷಿಕೆಯಲ್ಲಿಯೇ ‘ಪರಿಶುದ್ಧ ಸ್ತ್ರೀ’ ಎಂದು ಕರೆದನು. ಕೆಲವು ವಿಮರ್ಶಕರು ಕೆರಳಿದ್ದು ಆ ಒಂದು ಮಾತಿಗೆ.

ತರಗತಿಯಲ್ಲಿ ಈ ಕಥೆ ಹೇಳುವಾಗ ಎಲ್ಲವನ್ನೂ ವಿಧಿಯ ತಲೆಗೆ ಕಟ್ಟುತ್ತಿದ್ದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಈಗ ಹಾಗೆನ್ನಲಾರೆ. ಕುದುರೆ ಸತ್ತದ್ದು ವಿಧಿಯಾದೀತು, ಮಗಳನ್ನು ಕಳುಹಿಸಿದವರು ಹೆತ್ತವರೇ.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯವರಿಗೆ ಇದು ದೂರದ ದೇಶದ ಕಥೆಯೇನಲ್ಲ. ಬಡತನಕ್ಕೋ, ಗಂಡುಸಂತಾನವಿಲ್ಲವೆಂದೋ, ಹರಕೆಗೋ ಎಳೆಯ ಹುಡುಗಿಯರಿಗೆ ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟುತ್ತಿದ್ದ ಜಿಲ್ಲೆ ನಮ್ಮದು. ಮುಂಬಯಿ ಪ್ರಾಂತವು 1934ರಲ್ಲಿ, ಕರ್ನಾಟಕವು 1982ರಲ್ಲಿ ಇದನ್ನು ನಿಷೇಧಿಸಿದವು. ಆದರೂ ಪದ್ಧತಿ ಕದ್ದುಮುಚ್ಚಿ ನಡೆದೇ ಇತ್ತು.

1997ರಲ್ಲಿ ಘಟಪ್ರಭೆಯಲ್ಲಿ ಮಾಜಿ ದೇವದಾಸಿಯರದೇ ಒಂದು ಸಂಸ್ಥೆ ಹುಟ್ಟಿತು: ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಜನರ ಬಾಯಲ್ಲಿ ‘ಮಾಸ್’. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ ಮುತ್ತು ಕಟ್ಟಿದಾಗ ಏಳು ವರ್ಷ. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.