ಡೈರೆಕ್ಟರಿ ಗುಂಪುಗಳ ಸದಸ್ಯರ ಪಟ್ಟಿಯನ್ನು ಪಡೆಯುವ ವಿಧಾನ

ಸಾರ್ವಜನಿಕರು ಸಲ್ಲಿಸಿದ ಅರ್ಜಿ ಹಾಗೂ ದಾಖಲೆಗಳನ್ನು ಕಚೇರಿಯ ಗಣಕಯಂತ್ರ ಜಾಲದಲ್ಲಿ ಯಾವ ಸಿಬ್ಬಂದಿ ನೋಡಬಹುದೆಂಬುದು ಸಾಮಾನ್ಯವಾಗಿ ಡೈರೆಕ್ಟರಿ ಗುಂಪಿನ ಸದಸ್ಯತ್ವದಿಂದ ನಿರ್ಧಾರವಾಗುತ್ತದೆ. ವರ್ಗಾವಣೆ ಅಥವಾ ನಿವೃತ್ತಿ ಹೊಂದಿದವರ ಹೆಸರು ಗುಂಪಿನಲ್ಲಿ ಉಳಿದು, ಅವರ ಖಾತೆಯೂ ಚಾಲ್ತಿಯಲ್ಲಿದ್ದಲ್ಲಿ, ಅರ್ಜಿದಾರರ ದಾಖಲೆಗಳು ಅವರಿಗೆ ಲಭ್ಯವಾಗುತ್ತಲೇ ಇರುತ್ತವೆ. ಆದುದರಿಂದ ಜಾಲ ನಿರ್ವಾಹಕರು ಸದಸ್ಯರ ಪಟ್ಟಿಯನ್ನು ನಿಯತಕಾಲಿಕವಾಗಿ ಪರಿಶೀಲಿಸುವುದು ಅವಶ್ಯಕ.

ವಿಧಾನ

ಮೈಕ್ರೋಸಾಫ್ಟ್ ಆಕ್ಟಿವ್ ಡೈರೆಕ್ಟರಿಯಲ್ಲಿ, ಪವರ್‌ಶೆಲ್‌ನ ‘ಗೆಟ್-ಎಡಿಗ್ರೂಪ್‌ಮೆಂಬರ್’ ಆದೇಶಕ್ಕೆ ಗುಂಪಿನ ಹೆಸರನ್ನು ನೀಡಿ, ದೊರೆತ ವಿವರಗಳನ್ನು ‘ಎಕ್ಸ್‌ಪೋರ್ಟ್-ಸಿಎಸ್‌ವಿ’ ಆದೇಶದ ಮೂಲಕ ಕಡತದಲ್ಲಿ ಉಳಿಸಬಹುದಾಗಿದೆ. ಈ ಕಡತವನ್ನು ಎಕ್ಸೆಲ್‌ನಲ್ಲಿ ತೆರೆಯಬಹುದು.

ಗಮನಿಸಬೇಕಾದ ಅಂಶಗಳು

1. ಒಂದು ಗುಂಪಿನೊಳಗೆ ಮತ್ತೊಂದು ಗುಂಪು ಇದ್ದಲ್ಲಿ, ‘ರಿಕರ್ಸಿವ್’ ಆಯ್ಕೆಯನ್ನು ಬಳಸದ ಹೊರತು ಒಳಗುಂಪಿನ ಸದಸ್ಯರ ಹೆಸರುಗಳು ಪಟ್ಟಿಯಲ್ಲಿ ಬರುವುದಿಲ್ಲ.

2. ಖಾತೆಯು ಚಾಲ್ತಿಯಲ್ಲಿದೆಯೇ ಎಂಬ ವಿವರವನ್ನು ಈ ಆದೇಶವು ನೀಡುವುದಿಲ್ಲ. ಅದನ್ನು ‘ಗೆಟ್-ಎಡಿಯೂಸರ್’ ಆದೇಶದಿಂದ ಪಡೆದು ಪಟ್ಟಿಗೆ ಸೇರಿಸತಕ್ಕದ್ದು.

3. ಮಿತಿಯನ್ನು ಬದಲಾಯಿಸದಿದ್ದಲ್ಲಿ, 5,000ಕ್ಕಿಂತ ಹೆಚ್ಚು ಸದಸ್ಯರಿರುವ ಗುಂಪಿಗೆ ಈ ಆದೇಶವು ದೋಷ ಸಂದೇಶ ನೀಡಿ ಸ್ಥಗಿತಗೊಳ್ಳುತ್ತದೆ.

4. ವಿಂಡೋಸ್ ಪವರ್‌ಶೆಲ್ 5.1ರಲ್ಲಿ ಕಡತವು ಆಸ್ಕಿ ಸಂಕೇತದಲ್ಲಿ ಉಳಿಯುವುದರಿಂದ ಕನ್ನಡದಲ್ಲಿರುವ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಇದನ್ನು ತಪ್ಪಿಸಲು ‘ಎನ್‌ಕೋಡಿಂಗ್’ ಆಯ್ಕೆಯಲ್ಲಿ ಯುಟಿಎಫ್-8 ಎಂದು ನಮೂದಿಸತಕ್ಕದ್ದು.

ಪರಿಶೀಲನೆ

ಪಟ್ಟಿಯ ಮೇಲೆ ದಿನಾಂಕ ನಮೂದಿಸಿ, ಸಿಬ್ಬಂದಿ ಶಾಖೆಯ ದಾಖಲೆಯೊಂದಿಗೆ ತಾಳೆ ನೋಡಿ, ಅನಗತ್ಯ ಹೆಸರುಗಳನ್ನು ಗುಂಪಿನಿಂದ ತೆಗೆಯಬೇಕು. ಪಟ್ಟಿಯಲ್ಲಿ ಸಿಬ್ಬಂದಿಯ ವಿವರಗಳಿರುವುದರಿಂದ ಅದನ್ನು ಎಲ್ಲರಿಗೂ ತೆರೆದಿರುವ ಫೋಲ್ಡರ್‌ನಲ್ಲಿ ಇಡಬಾರದು.